ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ನಿಂದ ಮಾದಕ ವ್ಯಸನ ಬಿಡಿಸಬಹುದೇ?

ದಾವಣಗೆರೆಯಲ್ಲಿರುವ ತಮ್ಮನಿಗೆ ತಿಂಗಳಿಗೊಮ್ಮೆ ಇಂಜೆಕ್ಷನ್ ಹಾಕಿಸಿದರೆ ಚಟ ಬಿಟ್ಟೀತೇ ಎಂದು ಕೇಳಿದ್ದೀರಿ. ಅದು ಯಾವ ಚಟ ಎಂಬುದೇ ಮುಖ್ಯ. ಗಾಂಜಾ ಚಟಕ್ಕೆಂದೇ ಅನುಮೋದಿತವಾದ ಔಷಧ ಇನ್ನೂ ಇಲ್ಲ. ಹೆರಾಯಿನ್‌ನಂಥ ಅಫೀಮು ವರ್ಗದ ವ್ಯಸನಕ್ಕಾದರೆ, ಆ ಮಾದಕವಸ್ತು ಅಂಟಿಕೊಳ್ಳುವ ಮೆದುಳಿನ ಅದೇ ಗ್ರಾಹಕಗಳನ್ನು (ರಿಸೆಪ್ಟರ್‌ಗಳನ್ನು) ಭಾಗಶಃ ಮಾತ್ರ ಪ್ರಚೋದಿಸಿ ಹಂಬಲವನ್ನು ತಗ್ಗಿಸುವ ಬ್ಯೂಪ್ರೆನಾರ್ಫಿನ್ ಎಂಬ ಔಷಧ ನಿಜಕ್ಕೂ ಜೀವ ಉಳಿಸುತ್ತದೆ. ಅದರ ಮಾಸಿಕ ಇಂಜೆಕ್ಷನ್‌ಗೆ ಅಮೆರಿಕ 2017ರಲ್ಲಿ ಅನುಮತಿ ನೀಡಿತು. ಆದರೆ ಈ ಗ್ರಾಹಕಗಳನ್ನು ತಡೆದುಬಿಡುವ ನಾಲ್ಟ್ರೆಕ್ಸೋನ್ ಎಂಬ ಇನ್ನೊಂದು ಔಷಧವನ್ನು, ಕನಿಷ್ಠ 7ರಿಂದ 10 ದಿನ ಮಾದಕವಸ್ತುವಿನಿಂದ ದೂರವಿಡದೆ ಕೊಟ್ಟರೆ, ನೋವು, ವಾಂತಿ, ಚಡಪಡಿಕೆ ಒಮ್ಮೆಲೇ ಎರಗುತ್ತವೆ. ಇದಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು: ದೇಹದ ಸಹನಶಕ್ತಿ ಕುಗ್ಗಿರುವಾಗ ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರೇ ನಿಂತುಹೋಗಬಹುದು. ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ, ಅವನು ಏನನ್ನು, ಎಷ್ಟು ಕಾಲದಿಂದ ಬಳಸುತ್ತಿದ್ದಾನೆ ಎಂಬುದನ್ನು ಮುಚ್ಚಿಡದೆ ತಿಳಿಸಿ.