ಬಂಡವಾಳ ಸಿಗುತ್ತದೆ, ಕೊಡುವವರು ಯಾರು ಅಂತ ನೋಡು

ತಮ್ಮಾ, ನಿನ್ನ ಪತ್ರ ಓದಿದೆ. ಕಾಸರಗೋಡು ಕಡೆಯ ನಮ್ಮ ಬದಿಯಡ್ಕದ ಹುಡುಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಎಂಎಸ್ ಓದಲು ಬರುತ್ತಾನೆ, ಮುಗಿಸಿ ಸ್ಟಾರ್ಟಪ್ ಮಾಡುತ್ತಾನೆ ಅಂದರೆ ನನಗೆ ಖುಷಿಯೇ. ನೀನು ಕೇಳಿದ್ದು ಮೂರು: ರೂಮು, ಊಟ, ಚಳಿ ಹೇಗೆ? ವೀಸಾದಲ್ಲಿ ಕಂಪನಿ ಮಾಡಬಹುದಾ? ಬಂಡವಾಳ ಸುಲಭದಲ್ಲಿ ಸಿಗುತ್ತದಾ?

ಮೊದಲನೆಯದಕ್ಕೆ ಜಾಸ್ತಿ ಹೇಳಲಿಕ್ಕಿಲ್ಲ. ಬಾಡಿಗೆ ದುಬಾರಿ, ನಾಲ್ಕು ಜನ ಸೇರಿ ಮನೆ ಹಿಡಿಯಿರಿ. ಚಳಿ ಹೆದರುವಷ್ಟಿಲ್ಲ. ಕುಚ್ಚಿಲಕ್ಕಿ ಸಿಗುತ್ತದೆ, ಗಂಜಿಗೆ ತೊಂದರೆಯಿಲ್ಲ. ಮಿಡಿ ಉಪ್ಪಿನಕಾಯಿ ಮಾತ್ರ ಅಮ್ಮ ಹಾಕಿದ್ದನ್ನೇ ತಾ.

ವೀಸಾದ ವಿಷಯ. ಓದು ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಲಿಕ್ಕೆ ಅನುಮತಿ ಕೊಡುತ್ತಾರೆ, ಇಂಜಿನಿಯರಿಂಗಿನವರಿಗೆ ಮತ್ತೆ 24 ತಿಂಗಳು. ಮೊದಲ 12 ತಿಂಗಳಲ್ಲಿ ಓದಿದ ವಿಷಯದಲ್ಲೇ ಸ್ವಂತ ಕಂಪನಿ ನಡೆಸಬಹುದು. ಆಮೇಲಿನದಕ್ಕೆ ತರಬೇತಿ ಕೊಡುವ ಮಾಲೀಕ ಬೇಕು. ನನಗೆ ನಾನೇ ಮಾಲೀಕ ಅಂದರೆ ನಡೆಯುವುದಿಲ್ಲ. ನಿಯಮ ಬದಲಾಗುತ್ತಲೇ ಇರುತ್ತದೆ, ಕಾಲೇಜಿನ ಆಫೀಸಿನಲ್ಲೇ ಕೇಳು. ವಾಟ್ಸಾಪ್ ವಕೀಲರನ್ನು ನಂಬಬೇಡ.

ನಮ್ಮಲ್ಲಿ ಹೊಸಬರು ಸಿಕ್ಕಿದರೆ "ಮನೆ ಎಲ್ಲಿ ಆಯ್ತು, ಯಾರ ಮಗ" ಅಂತಲೇ ಶುರು, ಅಲ್ವಾ? ನಾನು ಬಂದ ಹೊಸತರಲ್ಲಿ ಒಂದು ಕೂಟಕ್ಕೆ ಹೋಗಿದ್ದೆ. ತಲೆ ನರೆತವರೊಬ್ಬರು ಪಿಜ್ಜಾ ತಟ್ಟೆ ಹಿಡಿದುಕೊಂಡೇ "ಏನು ಕಟ್ಟುತ್ತಿದ್ದೀಯ?" ಅಂತ ಕೇಳಿದರು. ಪಿಜ್ಜಾ ತಣ್ಣಗಾಗುವವರೆಗೂ ನನ್ನ ಹರಕು ಇಂಗ್ಲಿಷನ್ನು ಕೇಳಿಸಿಕೊಂಡರು. ತಾವು ಎರಡು ಕಂಪನಿ ಮುಳುಗಿಸಿದ್ದನ್ನು ನಗುತ್ತಾ ಹೇಳಿದರು. ನಮ್ಮೂರಲ್ಲಿ ಒಂದು ಅಂಗಡಿ ಬಾಗಿಲು ಹಾಕಿದರೆ ಮದುವೆಮನೆಗೆ ಹೋಗಲಿಕ್ಕೂ ಮುಖ ಇರುವುದಿಲ್ಲ.

ಇಲ್ಲಿಯ ಕಾನೂನೂ ಹಾಗೇ. ಕೆಲಸ ಬಿಟ್ಟವ ಎದುರಾಳಿ ಕಂಪನಿಗೆ ಹೋಗಬಾರದು ಎಂಬ ಕರಾರು ಕ್ಯಾಲಿಫೋರ್ನಿಯಾದಲ್ಲಿ 1872ರಿಂದಲೇ ಹೆಚ್ಚುಕಡಿಮೆ ನಡೆಯುವುದಿಲ್ಲ. 1957ರಲ್ಲಿ ಟ್ರಾನ್ಸಿಸ್ಟರ್ ವಿಜ್ಞಾನಿ ಶಾಕ್ಲಿಯ ಲ್ಯಾಬ್ ಬಿಟ್ಟು ಹೋದ ಎಂಟು ಜನ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಚಿಪ್ ಕಂಪನಿ ಕಟ್ಟಿದರು. ಅವರಲ್ಲೇ ಇಬ್ಬರು, ನಾಯ್ಸ್ ಮತ್ತು ಮೂರ್, 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಶುರು ಮಾಡಿದರು. ಹೊಸತು ಹುಟ್ಟುವುದು ಬುದ್ಧಿ ಜಾಸ್ತಿ ಇದ್ದಲ್ಲಿ ಅಂತ ನಾನು ಒಪ್ಪುವುದಿಲ್ಲ. ಬುದ್ಧಿ ನಮ್ಮ ಪಕ್ಕದೂರು ಪೆರ್ಲದಲ್ಲೂ ಉಂಟು. ಬಿಟ್ಟು ಹೋದವನನ್ನು ಊರು ದೂರ ಇಡಬಾರದು, ಅಷ್ಟೆ.

ಇನ್ನು ಬಂಡವಾಳ. ಸಿಗುತ್ತದೆ. ಆದರೆ ಆ ದುಡ್ಡು ಎಲ್ಲಿಂದ ಬಂತು ಅಂತ ನೋಡು. ಸ್ಟಾರ್ಟಪ್ಪಿಗೆ ದುಡ್ಡು ಹಾಕುವ ವೆಂಚರ್ ಫಂಡಿನವರೂ ಪಿಂಚಣಿ ನಿಧಿಗಳಿಂದ, ಯೂನಿವರ್ಸಿಟಿಗಳಿಂದ ತಂದಿರುತ್ತಾರೆ. ಸುಮಾರು ಹತ್ತು ವರ್ಷದಲ್ಲಿ ಲಾಭ ಸಮೇತ ವಾಪಸ್ ಕೊಡಬೇಕು. ದುಡ್ಡು ಹಾಕಿದ ಹೆಚ್ಚಿನ ಕಂಪನಿಗಳು ಮುಳುಗುತ್ತವೆ, ಹಾಗಾಗಿ ಉಳಿದ ಒಂದೆರಡು ಎಲ್ಲವನ್ನೂ ದುಡಿದು ಕೊಡಬೇಕು. ವರ್ಷ ವರ್ಷ ಸ್ವಲ್ಪ ಲಾಭ ಮಾಡುತ್ತಾ ತಣ್ಣಗೆ ನಡೆಯುವ ಕಂಪನಿ ಅವರಿಗೆ ಬೇಡವೇ ಬೇಡ. ಮಾರುವಾಗಲೂ ಮೊದಲ ಪಾಲು ಅವರದ್ದು. ಅವರು 50 ಲಕ್ಷ ಡಾಲರ್ ಹಾಕಿ, ಕಂಪನಿ 60 ಲಕ್ಷಕ್ಕೆ ಮಾರಾಟವಾದರೆ, ಸಾಮಾನ್ಯ ಕರಾರಿನಲ್ಲಿ ಮೊದಲು ಅವರ 50 ಎತ್ತಿಡಬೇಕು.

ನನ್ನ ಕಂಪನಿಯ ಕಥೆಯನ್ನೇ ಕೇಳು. ನಮ್ಮದು ಬಾದಾಮಿ ತೋಟಕ್ಕೆ ನೀರು ಬಿಡುವ ಸಾಫ್ಟ್‌ವೇರ್. ಮಣ್ಣಲ್ಲಿ ಸೆನ್ಸರ್, ಪಂಪಿನ ಪಕ್ಕ ಒಂದು ಪೆಟ್ಟಿಗೆ. ಗಿರಾಕಿಗಳಲ್ಲಿ ಸಣ್ಣ ರೈತರೇ ಜಾಸ್ತಿ. ದೊಡ್ಡ ಕಂಪನಿಯೊಂದು ನಮ್ಮನ್ನು ಕೊಂಡುಕೊಂಡಿತು. ಅವರಿಗೆ ಬೇಕಾದದ್ದು ನಮ್ಮ ಇಂಜಿನಿಯರುಗಳು. ವರ್ಷ ತುಂಬುವುದರೊಳಗೆ ಸರ್ವರ್ ನಿಲ್ಲಿಸಿದರು. ರೈತರಿಗೆ ಹೋದದ್ದು ಒಂದು ಈಮೇಲ್. ಫ್ರೆಸ್ನೊ ಹತ್ತಿರದ ಒಬ್ಬ ಮುದುಕ ನನಗೆ ಫೋನ್ ಮಾಡಿ, "ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿಲ್ಲ, ಯಾವ ಸ್ಕ್ರೂ ಬಿಚ್ಚಲಿ?" ಅಂತ ಕೇಳಿದ. ಈಮೇಲ್ ನೋಡಿಯೇ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಂಪನಿ ಮಾರಿದ ದುಡ್ಡಿನಲ್ಲೇ ನಾನು ಮನೆ ಕೊಂಡದ್ದು. ಅಪ್ಪ ಊರಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನಾನು ಸುಮ್ನೆ ಇರುತ್ತೇನೆ.

ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೋ ನಿನಗೆ ಗೊತ್ತಲ್ಲ? ಅಡಿಕೆ ರೇಟು ಬಿದ್ದಾಗ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರನ್ನು ಸೇರಿಸಿ ಕಟ್ಟಿದ್ದು. ಆಮೇಲೆ ಕೊಕ್ಕೋ ಕೊಳ್ಳುವವರಿಲ್ಲದೆ ಹೋದಾಗ ಅದನ್ನೂ ಕೊಂಡರು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯನ್ನೇ ಹಾಕಿದರು. ಯಾರೂ ಅದನ್ನು ಸ್ಟಾರ್ಟಪ್ ಅನ್ನಲಿಲ್ಲ. ಆದರೆ ಅಡಿಕೆ ಮಾರುವವನೇ ಅದರ ಸದಸ್ಯ. ಅವನಿಗೆ ಗೊತ್ತಿಲ್ಲದ ಹಾಗೆ ಅದನ್ನು ಮಾರಲಿಕ್ಕಾಗುವುದಿಲ್ಲ. ಸಹಕಾರಿಯೇ ಮಾಡು ಅಂತ ಅಲ್ಲ, ಅದರ ರಾಜಕೀಯ ನಮಗೆ ಗೊತ್ತಿದ್ದದ್ದೇ. ಬೇರೆ ದಾರಿಯೂ ಉಂಟು. ಶ್ರೀಧರ್ ವೆಂಬು ಮತ್ತು ಸಂಗಡಿಗರು 1996ರಲ್ಲಿ ಶುರು ಮಾಡಿದ ಸಾಫ್ಟ್‌ವೇರ್ ಕಂಪನಿ, ಈಗಿನ ಝೋಹೊ, ಹೊರಗಿನ ಹೂಡಿಕೆ ಇಲ್ಲದೆ ಗಿರಾಕಿಗಳ ದುಡ್ಡಿನಲ್ಲೇ ಬೆಳೆಯಿತು. ವೆಂಬು ಕ್ಯಾಲಿಫೋರ್ನಿಯಾ ಬಿಟ್ಟು ತಮಿಳುನಾಡಿನ ತೆಂಕಾಶಿಯ ಹಳ್ಳಿಯಲ್ಲಿ ಕೂತು ಅದನ್ನು ನಡೆಸಿದರು. ನಿಧಾನದ ದಾರಿ, ಆದರೆ ದಾರಿಯೇ.

ಊರಿನ ತೊಂದರೆಗೆ ಊರಲ್ಲೇ ಉಪಾಯ ಬೇಕಾಗುವುದೂ ಉಂಟು. ಅಡಿಕೆ ತೋಟದ ಕಾರ್ಬನ್ ಫೈಬರ್ ದೋಟಿ, ಆ ಉದ್ದದ ಕೋಲು, ನೋಡಿದ್ದೀಯಲ್ಲ. ಮರ ಹತ್ತುವವರು ಸಿಗದ ಕಾಲದಲ್ಲಿ ನೆಲದಲ್ಲಿ ನಿಂತೇ ಕೊಳೆರೋಗದ ಮದ್ದು ಮೈಲುತುತ್ತು ಬಿಡುತ್ತಾರೆ, ಗೊನೆ ಕೊಯ್ಯುತ್ತಾರೆ. ನಿನ್ನ ಐಡಿಯಾ ಏನು ಅಂತ ಪತ್ರದಲ್ಲಿ ಬರೆಯಲೇ ಇಲ್ಲ ನೀನು. ಬಂದ ಮೇಲೆ ಒಂದು ಶನಿವಾರ ಮನೆಗೆ ಬಾ, ಹೇಳು. ಅದು ಬದಿಯಡ್ಕದಲ್ಲೇ ಮಾಡಬೇಕಾದ ಕೆಲಸ ಅನಿಸಿದರೆ ಅದನ್ನೂ ಮುಖಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.