ಕ್ರಿಸ್ಮಸ್ಸಿಗೆ ಮಂಡ್ಯಕ್ಕೆ ವಾಪಸ್ ಹೋಗ್ತೀನಿ ಎಂದ ಗ್ರೇಸಮ್ಮ

ನನ್ನ ಹತ್ತಿರ ಆಪ್ತಸಲಹೆಗೆ ಬಂದವರೊಬ್ಬರ ಕಥೆ ಇದು. ಹೆಸರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ಗ್ರೇಸಮ್ಮ ಎಂದು ಕರೆಯೋಣ. ವಯಸ್ಸು 58, ಊರು ಮಂಡ್ಯ. ಅಲ್ಲಿಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ವರ್ಷಗಟ್ಟಲೆ ಸಂಡೇ ಸ್ಕೂಲ್ ನಡೆಸಿದವರು. ಗಂಡನ ಕಿಡ್ನಿ ಕೈಕೊಟ್ಟಿತು. ಬಹಳ ದಿನ ಡಯಾಲಿಸಿಸ್ ನಡೆದು, ಕಳೆದ ವರ್ಷ ತೀರಿಕೊಂಡರು. ಸಾಲ ತೀರಿಸಲು ಮನೆ ಮಾರಬೇಕಾಯಿತು. ಈಗ ಮೈಸೂರಿನ ಹೆಬ್ಬಾಳದಲ್ಲಿ ಮಗ ಸೊಸೆಯ ಜೊತೆ ಬಾಡಿಗೆ ಮನೆಯಲ್ಲಿದ್ದಾರೆ.

ಮೊದಲು ಮಾತಾಡಿದ್ದು ಮಗ. "ಅಮ್ಮ ಸರಿಯಾಗಿ ಊಟ ಮಾಡಲ್ಲ ಮೇಡಂ. ರಾತ್ರಿ ಎರಡು ಗಂಟೆಗೆ ಎದ್ದು ಕೂತಿರ್ತಾರೆ. ಕೇಳಿದ್ರೆ ಮಾತ್ರ, ದೇವರ ಮೇಲೆ ಭಾರ ಹಾಕಿದ್ದೀನಿ, ಚೆನ್ನಾಗೇ ಇದ್ದೀನಿ ಅಂತಾರೆ."

ಮಗನನ್ನು ಹೊರಗೆ ಕೂರಿಸಿದ ಮೇಲೆ ಗ್ರೇಸಮ್ಮ ಬಾಯಿ ಬಿಟ್ಟರು. ಗಂಡ ತೀರಿಕೊಂಡ ಮೇಲೆ ಮನಸಾರೆ ಅತ್ತೇ ಇಲ್ಲವಂತೆ. ಮಣ್ಣು ಮಾಡಿ ಬಂದ ದಿನವೇ ನೆಂಟರೊಬ್ಬರು, "ನೀನೇ ಅತ್ತರೆ ಸಂಡೇ ಸ್ಕೂಲ್ ಮಕ್ಕಳು ಏನು ಕಲೀತಾರೆ? ಅಳೋದು ಅವಿಶ್ವಾಸ ಕಣಮ್ಮ" ಎಂದರಂತೆ. ಅವತ್ತಿನಿಂದ ಬಿಗಿ ಹಿಡಿದಿದ್ದಾರೆ.

ಇಂಥ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುವೇ ಕಣ್ಣೀರು ಹಾಕಿದ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತ. ಅದಕ್ಕೆ ಅವಿಶ್ವಾಸ ಅಂತ ಯಾರಾದರೂ ಹೇಳ್ತಾರಾ?

ಆಮೇಲೆ ನೇರವಾಗಿಯೇ ಕೇಳಿದೆ, "ಸಾಯಬೇಕು ಅನಿಸುತ್ತಾ ಅಮ್ಮ?" ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಿದ್ದರಿಂದ ಎಷ್ಟೋ ಜನರಿಗೆ ಹಗುರವಾಗುತ್ತದೆ. ಗ್ರೇಸಮ್ಮ ತಲೆ ತಗ್ಗಿಸಿದರು. "ಬೆಳಗ್ಗೆ ಏಳದೇ ಹೋದ್ರೆ ಚೆನ್ನಾಗಿತ್ತು ಅನಿಸುತ್ತೆ. ನಾನಾಗಿ ಏನೂ ಮಾಡ್ಕೊಳ್ಳಲ್ಲ. ಆದ್ರೆ ಇಂಥ ಯೋಚನೆ ಬರೋದೇ ಪಾಪ ಅಲ್ವಾ?"

ಬೈಬಲಿನ ಎಲೀಯನ ಕಥೆಯನ್ನು ನೀವೇ ಮಕ್ಕಳಿಗೆ ಹೇಳಿರಬೇಕಲ್ಲ ಎಂದೆ. ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಎಂದವನು ದೊಡ್ಡ ಪ್ರವಾದಿ. ದೇವರು ಅವನಿಗೆ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಲು ಬಿಟ್ಟ. ದೂತ ಬಂದು ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ. ಮಾತುಕತೆ ನಡೆದದ್ದು ಆಮೇಲೆ.

ನಾವೂ ಅದೇ ದಾರಿ ಹಿಡಿದೆವು. ಹೀಗೆ ಮನಸ್ಸು ಕುಗ್ಗಿದ್ದು, ನಿದ್ದೆ ಕೆಟ್ಟಿದ್ದು ಎರಡು ವಾರ ದಾಟಿದ್ದರೆ ಆಪ್ತಸಲಹೆ ಒಂದೇ ಸಾಲದು, ವೈದ್ಯರೂ ನೋಡಬೇಕು. ಕೇಳುತ್ತಾ ಹೋದಾಗ, ಥೈರಾಯ್ಡ್ ಮಾತ್ರೆ ಬಿಟ್ಟು ತಿಂಗಳುಗಳಾಗಿವೆ ಎಂದು ಗೊತ್ತಾಯಿತು. ಥೈರಾಯ್ಡ್ ಕಮ್ಮಿಯಾದರೂ ಸುಸ್ತು, ಮಂಕು, ಯಾವುದೂ ಬೇಡ ಅನಿಸುವುದು ಎಲ್ಲ ಇರುತ್ತದೆ. ರಕ್ತಪರೀಕ್ಷೆ ಆಯಿತು, ಮಾತ್ರೆ ಮತ್ತೆ ಶುರುವಾಯಿತು, ಮನೋವೈದ್ಯರೂ ಒಂದು ಮಾತ್ರೆ ಬರೆದರು. "ಮಾತ್ರೆ ನುಂಗಿದ್ರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಆಗಲ್ವಾ?" ಎಂದು ಕೇಳಿದರು. ಗಂಡನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವಾಗ ಹಾಗನಿಸಿತ್ತಾ ಎಂದೆ. "ಇಲ್ಲ, ದಾರಿಯುದ್ದಕ್ಕೂ ಪ್ರಾರ್ಥನೆ ಮಾಡ್ತಿದ್ದೆ" ಎಂದರು. ಮತ್ತೆ ಆ ಪ್ರಶ್ನೆ ಬರಲಿಲ್ಲ.

ಗಂಟು ಇದ್ದದ್ದು ಬೇರೆ ಕಡೆ.

ಮಂಡ್ಯದಿಂದ ತಂದ ರಟ್ಟಿನ ಪೆಟ್ಟಿಗೆಗಳು ಅವರ ಕೋಣೆಯಲ್ಲಿ ಕಟ್ಟಿದ ಹಗ್ಗದ ಸಮೇತ ಹಾಗೇ ಕೂತಿವೆ ಎಂದು ಮಗ ಹೇಳಿದ್ದ. ಸೀರೆ ಬೇಕಾದರೆ ಮೂಲೆಯಲ್ಲಿ ಸ್ವಲ್ಪ ಹರಿದು, ಕೈ ತೂರಿಸಿ ಎಳೆದುಕೊಳ್ಳುತ್ತಾರೆ, ಬಿಚ್ಚುವುದಿಲ್ಲ. ಯಾಕೆ ಎಂದು ಕೇಳಿದೆ. ಒಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು ತಲೆ ಮೇಲೆ ಕೈಯಿಟ್ಟು, "ಕ್ರಿಸ್ಮಸ್ ಒಳಗೆ ಕರ್ತನು ನಿನ್ನನ್ನು ನಿನ್ನ ಮನೆಗೆ ಸೇರಿಸ್ತಾನೆ" ಎಂದು ಪ್ರವಾದನೆ, ಅಂದರೆ ದೇವರ ಮಾತೆಂದು ಭವಿಷ್ಯ, ಹೇಳಿದ್ದಾರಂತೆ. ಗ್ರೇಸಮ್ಮ ಅದನ್ನೇ ಹಿಡಿದುಕೊಂಡಿದ್ದಾರೆ. ಪೆಟ್ಟಿಗೆ ಬಿಚ್ಚಿದರೆ ದೇವರ ಮಾತನ್ನು ನಂಬಲಿಲ್ಲ ಎಂದಾಗುತ್ತದೆ. ಇಲ್ಲಿಯ ಸಭೆಗೂ ಸೇರುವಂತಿಲ್ಲ, ಪಕ್ಕದ ಮನೆಯವರ ಪರಿಚಯವೂ ಬೇಡ. ನಾಳೆ ಹೋಗುವವರಿಗೆ ಇವೆಲ್ಲ ಯಾಕೆ?

ಮಂಡ್ಯದ ಆ ಮನೆಯಲ್ಲಿ ಈಗ ಕೊಂಡವರು ವಾಸವಾಗಿದ್ದಾರೆ. ಅದು ಗ್ರೇಸಮ್ಮನಿಗೂ ಗೊತ್ತು.

ಆ ಪ್ರವಾದನೆ ಸುಳ್ಳು ಎಂದು ನಾನು ಹೇಳಲಿಲ್ಲ. ದೇವರು ಏನು ಮಾಡುತ್ತಾನೆ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ, ಮುರಿದ ಮನಸ್ಸಿನವರ ಆಸೆಯನ್ನು ಒಂದೇ ಏಟಿಗೆ ಕಿತ್ತುಹಾಕಲೂಬಾರದು. ಅದರ ಬದಲು, ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 28 ಮತ್ತು 29ನೇ ಅಧ್ಯಾಯಗಳನ್ನು ಮನೆಯಲ್ಲಿ ನಿಧಾನವಾಗಿ ಓದಿಕೊಂಡು ಬನ್ನಿ ಎಂದೆ. 29ರ 11ನೇ ವಚನ ಅವರಿಗೆ ಬಾಯಿಪಾಠ. ನಿಮಗೆ ಒಳ್ಳೆಯದನ್ನೇ ಮಾಡಬೇಕೆಂದಿದ್ದೇನೆ, ಕೇಡನ್ನಲ್ಲ ಎನ್ನುವ ಆ ಮಾತು ಎಷ್ಟೋ ಕ್ರೈಸ್ತರ ಮನೆಗೋಡೆಯ ಮೇಲೂ ಇರುತ್ತದೆ. ಅದರ ಹಿಂದುಮುಂದಿನ ವಚನಗಳನ್ನು ಓದುವವರು ಕಮ್ಮಿ.

ಮುಂದಿನ ಭೇಟಿಗೆ ಬೈಬಲ್ ಹಿಡಿದೇ ಬಂದರು. 29ನೇ ಅಧ್ಯಾಯ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಹೋದ ಯೆಹೂದ್ಯರಿಗೆ ಯೆರೆಮೀಯ ಬರೆದ ಕಾಗದ. ಕ್ರಿ.ಪೂ. 597ರಲ್ಲಿ ಅವರನ್ನು ಯೆರೂಸಲೇಮಿನಿಂದ ಹಿಡಿದೊಯ್ದಿದ್ದರು. ಎರಡು ವರ್ಷದೊಳಗೆ ಎಲ್ಲರೂ ವಾಪಸ್ ಬರುತ್ತಾರೆ ಎಂದು ಹನನ್ಯ ಎಂಬವನು ದೇವಾಲಯದಲ್ಲಿ ಎಲ್ಲರ ಮುಂದೆ ಸಾರಿದ. ಅದನ್ನು ಕೇಳಿದ ಯೆರೆಮೀಯ ಮೊದಲು ಹೇಳಿದ್ದು "ಆಮೆನ್" ಎಂದೇ. ಹಾಗೇ ಆಗಲಿ, ಕರ್ತನು ಹಾಗೇ ಮಾಡಲಿ ಎಂದ. ಅವನಿಗೂ ಅದೇ ಆಸೆ ಇತ್ತು. ಆದರೆ ಸೆರೆಯವರಿಗೆ ಅವನು ಬರೆದ ಕಾಗದದಲ್ಲಿ ಇದ್ದದ್ದು 70 ವರ್ಷದ ಲೆಕ್ಕ. ಮನೆ ಕಟ್ಟಿಕೊಂಡು ಇರಿ, ತೋಟ ಹಾಕಿ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಪಟ್ಟಣಕ್ಕಾಗಿ ಪ್ರಾರ್ಥನೆ ಮಾಡಿ. ಇಷ್ಟೆಲ್ಲ ಆದ ಮೇಲೆ ಬರುವುದು ಆ 11ನೇ ವಚನ.

ಗ್ರೇಸಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ಅಲ್ಲಿ ತೋಟ ಹಾಕ್ದೋರೂ ದೇವರನ್ನ ನಂಬ್ದೋರೇ" ಎಂದರು.

ನಾನು ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಅವತ್ತು ಕೊಟ್ಟ ಸಲಹೆ ಸಣ್ಣದು. ಒಂದೇ ಪೆಟ್ಟಿಗೆ ಬಿಚ್ಚಿ, ಅಡುಗೆ ಸಾಮಾನಿನದ್ದು. ಯಜಮಾನರ ಬಟ್ಟೆ ಇರುವುದನ್ನು ಮುಟ್ಟಬೇಡಿ, ಅದಕ್ಕೆ ಅವಸರವಿಲ್ಲ. ಅವರು ಮೊದಲು ಹೊರಗೆ ತೆಗೆದದ್ದು ಮುದ್ದೆ ತಿರುವುವ ಕೋಲು. ಮಗನ ಮನೆಯಲ್ಲಿ ರಾತ್ರಿ ಚಪಾತಿ ರೂಢಿ. ಅವತ್ತು ಗ್ರೇಸಮ್ಮ ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿದರು. ಎಷ್ಟೋ ತಿಂಗಳ ಮೇಲೆ ತಾವೂ ಹೊಟ್ಟೆತುಂಬ ಉಂಡರು. ಕೋಲನ್ನು ತೊಳೆಯುವಾಗ ಬಿಕ್ಕಿ ಬಿಕ್ಕಿ ಅತ್ತರಂತೆ. ಸೊಸೆ ಗಾಬರಿಯಾಗಿ ನನಗೆ ಫೋನ್ ಮಾಡಿದಳು. "ಜೊತೆಗೆ ಕೂತ್ಕೊಳ್ಳಿ, ಸಮಾಧಾನ ಹೇಳಬೇಡಿ, ಅಳಲಿ" ಎಂದೆ.

ಪ್ರಾರ್ಥನೆಯ ವಿಷಯದಲ್ಲೂ ಒಂದು ಮಾತು ಹೇಳಿದೆ. ಅವರದು ಬರೀ ಸ್ತೋತ್ರ, ಸ್ತೋತ್ರ ಎನ್ನುವ ಪ್ರಾರ್ಥನೆ. ಒಳಗಿನ ಕೋಪವೆಲ್ಲ ಒಳಗೇ ಉಳಿದಿತ್ತು. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದರಷ್ಟು ಗೋಳು, ದೂರುಗಳೇ. 13ನೆಯದು ಶುರುವಾಗುವುದೇ, ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಎಂದು. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಕೇಳುವವನು ಇದ್ದಾನೆ ಎಂದು ನಂಬಿದವರು ಮಾತ್ರ ಹೀಗೆ ದೂರಲು ಸಾಧ್ಯ. ರಾತ್ರಿ ಎಚ್ಚರವಾದಾಗ 13ನೆಯದನ್ನು ಓದಿ, ನಿಮ್ಮ ದೂರನ್ನೂ ಸೇರಿಸಿ ಎಂದೆ. "ದೇವರಿಗೆ ಬೈದ ಹಂಗಾಗಲ್ವಾ?" ಎಂದರು. ಆ ಕೀರ್ತನೆಯ ದಾವೀದ ಬೈದಷ್ಟು ಬೈಯಬಹುದು ಎಂದೆ.

ಮಗನ ಜೊತೆಗೂ ಮಾತಾಡಿದೆ. "ಹಳೇದು ಮರೆತುಬಿಡಮ್ಮ" ಎನ್ನುವುದನ್ನು ನಿಲ್ಲಿಸಬೇಕು. ಆಗಾಗ ಮಂಡ್ಯಕ್ಕೆ ಕರೆದುಕೊಂಡು ಹೋಗಬೇಕು. ಹಳೆಯ ಮನೆಯ ಬೀದಿಗಲ್ಲ, ಅಪ್ಪನ ಸಮಾಧಿಗೆ ಮತ್ತು ಹಳೆಯ ಸಭೆಯವರ ಹತ್ತಿರ. ರೈಲಿನಲ್ಲಿ ಒಂದು ಗಂಟೆಯ ದಾರಿ ಅಷ್ಟೆ.

ಈಗ ನಿದ್ದೆ ಸುಧಾರಿಸಿದೆ. ಏಳದೇ ಹೋದರೆ ಸಾಕು ಎನ್ನುವ ಯೋಚನೆ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಹತ್ತಿರದ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಾರೆ, ಯಾರ ಜೊತೆಗೂ ಮಾತಿಲ್ಲ. ಒತ್ತಾಯ ಮಾಡಿಲ್ಲ.

ನನಗೆ ಇನ್ನೂ ಚಿಂತೆ ಇರುವುದು ಡಿಸೆಂಬರ್ 25ರದ್ದು. ಪ್ರವಾದನೆಯ ಗಡುವು ಅದು, ಗಂಡನಿಲ್ಲದ ಹಬ್ಬವೂ ಹೌದು. ಆಗ "ದೇವರು ಕೈಬಿಟ್ಟ" ಎಂಬ ಮಾತು ಒಳಗೆ ಬಂದರೆ ಏನು ಮಾಡಬೇಕು ಎಂದು ಈಗಲೇ ಕೂತು ಬರೆದುಕೊಂಡಿದ್ದೇವೆ. 24ರ ರಾತ್ರಿ ಸೊಸೆ ಅವರ ಕೋಣೆಯಲ್ಲೇ ಮಲಗುತ್ತಾಳೆ. ಬೆಳಗ್ಗೆ ಮಂಡ್ಯದ ಸಭೆಯಲ್ಲಿ ಆರಾಧನೆ, ಊಟ ಹಳೆಯ ಗೆಳತಿಯ ಮನೆಯಲ್ಲಿ. ಮಾತ್ರೆ ತಪ್ಪಿಸುವಂತಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಸಂಕಟ ಜಾಸ್ತಿಯಾದರೆ ಮಗನನ್ನು ಎಬ್ಬಿಸಬೇಕು, ಇಲ್ಲವೇ 14416ಕ್ಕೆ ಫೋನ್ ಮಾಡಬೇಕು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಗ್ರೇಸಮ್ಮ ತಮ್ಮ ಬೈಬಲಿನ ಮೊದಲ ಪುಟದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಂಡಿದ್ದಾರೆ. 27ಕ್ಕೆ ನನ್ನ ಹತ್ತಿರ ಬರುತ್ತಾರೆ.