ಗುಜರಿಯ ಹಳೆ ವೈಸ್: ತುಕ್ಕು ಬಿಡಿ, ನಟ್ ನೋಡಿ

ತೀರ್ಥಹಳ್ಳಿ ಕಡೆಯ ಗೆಳೆಯರ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಶಿವಮೊಗ್ಗದ ಗುಜರಿ ಅಂಗಡಿಯಲ್ಲಿ 'ರೆಕಾರ್ಡ್ ನಂಬರ್ 3' ಬೆಂಚ್ ವೈಸ್ (ಬೆಂಚಿಗೆ ಬಿಗಿದು, ಕೆಲಸದ ಮಾಲನ್ನು ಎರಡು ದವಡೆಯ ನಡುವೆ ಗಟ್ಟಿಯಾಗಿ ಹಿಡಿಯುವ ಸಾಧನ) ನೋಡಿದ್ದೀರಿ. ಮೈತುಂಬಾ ತುಕ್ಕು, ಹ್ಯಾಂಡಲ್ ತಿರುಗುತ್ತಿಲ್ಲ, ದವಡೆ ಸವೆದಿದೆ. ಅಂಗಡಿಯವರು ಹೊಸ ವೈಸಿನಷ್ಟೇ ರೇಟು ಹೇಳುತ್ತಿದ್ದಾರೆ. ತಗೊಳ್ಳಬಹುದಾ ಅಂತ ಕೇಳಿದ್ದೀರಿ. ನಮ್ಮ ಗುಂಪಿನಲ್ಲಿ ಕೆಲವರು 'ಇಂಗ್ಲೆಂಡ್ ಮಾಲು, ಕಣ್ಣುಮುಚ್ಚಿ ತಗೊಳ್ಳಿ' ಅಂದಿದ್ದಾರೆ. ಅದೊಂದು ಮಾತನ್ನು ನಾನು ಒಪ್ಪುವುದಿಲ್ಲ. ರೆಕಾರ್ಡ್ ಒಳ್ಳೆಯ ವೈಸ್, ಅನುಮಾನವಿಲ್ಲ. ಆದರೆ ನೀವು ಕೊಳ್ಳುತ್ತಿರುವುದು ಆ ಹೆಸರನ್ನಲ್ಲ, ಅಲ್ಲಿ ಬಿದ್ದಿರುವ ಆ ಒಂದು ವೈಸನ್ನು. ಅದರ ನಟ್, ಅಂದರೆ ದವಡೆ ಸರಿಸುವ ಸ್ಕ್ರೂ ಒಳಗೆ ತಿರುಗುವ ಹಲ್ಲಿನ ತುಂಡು, ಹೋಗಿದ್ದರೆ ಹೆಸರು ಕಟ್ಟಿಕೊಂಡು ಏನು ಮಾಡುತ್ತೀರಿ?

ಮೊದಲು ಸೈಜು. ರೆಕಾರ್ಡ್ ವೈಸ್ ಬಂದಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಿಂದ, ಸಿ ಅಂಡ್ ಜೆ ಹ್ಯಾಂಪ್ಟನ್ ಕಂಪನಿಯಿಂದ. ನಂಬರ್ 3 ಅಂದರೆ ದವಡೆಯ ಅಗಲ 4 ಇಂಚು. ವೀಡ್ ಕಟರ್ ಬ್ಲೇಡ್ ಅರೆಯುವುದು, ಚೈನ್ ಸಾ ಬಾರ್ ಹಿಡಿಯುವುದು, ಸ್ಪ್ರೇಯರ್ ಬಿಚ್ಚುವುದು, ಕತ್ತಿಗೆ ಹಿಡಿ ಹಾಕುವುದು ಇಷ್ಟಕ್ಕೆ 4 ಇಂಚು ಸಾಕೇ ಸಾಕು. ಪಂಪಿನ ದಪ್ಪ ಪೈಪ್, ಟಿಲ್ಲರ್ ಭಾಗ ಎಲ್ಲ ಜಾಸ್ತಿ ಮಾಡುವವರಾದರೆ 5 ಅಥವಾ 6 ಇಂಚು ಹುಡುಕಿ. ಅದೇ ಕಂಪನಿಯ 52, 53 ನಂಬರಿನವು ಬಡಗಿ ಕೆಲಸದ ವೈಸ್. ಬೆಂಚಿನ ಅಂಚಿಗೆ ಕೂರುವಂಥವು, ದವಡೆ ಅಗಲ, ಮರದ ಹಲಗೆ ಹಿಡಿಯಲಿಕ್ಕೆ. ಗುಜರಿಯಲ್ಲಿ ಎರಡನ್ನೂ ಒಂದೇ ರಾಶಿಗೆ ಹಾಕಿರುತ್ತಾರೆ. ಕಬ್ಬಿಣದ ಕೆಲಸಕ್ಕೆ 52 ತರಬೇಡಿ.

ಈಗ 'ಹಳೇದೆಲ್ಲಾ ಗಟ್ಟಿ' ಎನ್ನುವ ಮಾತು. ಹಳೆ ವೈಸ್‌ಗಳಲ್ಲಿ ಬಹುಪಾಲು ಸಾದಾ ಬೀಡು ಕಬ್ಬಿಣದ ಎರಕ. ಲೋಹ ಜಾಸ್ತಿ ಹಾಕಿ ಎರೆದಿರುತ್ತಾರೆ, ಅದರಿಂದಲೇ ಗಟ್ಟಿ. ಸುಲಭಕ್ಕೆ ಒಡೆಯದ ಎಸ್‌ಜಿ ಐರನ್ ಎಂಬ ಎರಕದ ಕಬ್ಬಿಣ ಬಂದಿದ್ದೇ 1940ರ ದಶಕದ ಕೊನೆಯಲ್ಲಿ. ಸಾದಾ ಬೀಡು ಒತ್ತುವ ಭಾರ ಎಷ್ಟು ಬೇಕಾದರೂ ತಡೆಯುತ್ತದೆ, ಸುತ್ತಿಗೆ ಏಟು ತಡೆಯುವುದಿಲ್ಲ. ಬಗ್ಗುವುದೂ ಇಲ್ಲ, ನೇರ ಸೀಳುತ್ತದೆ. ಇಷ್ಟು ವರ್ಷ ಯಾರ್ಯಾರ ಕೈಯಲ್ಲಿ, ಎಂಥೆಂಥ ಏಟು ತಿಂದಿದೆಯೋ ಯಾರಿಗೆ ಗೊತ್ತು. ಹಾಗಾಗಿ ಮೊದಲು ಹುಡುಕಬೇಕಾದ್ದು ಬಿರುಕು.

ಒಂದು ವೈರ್ ಬ್ರಶ್, ಹಳೆ ಬಟ್ಟೆ, ಸ್ವಲ್ಪ ಡೀಸೆಲ್, ಟಾರ್ಚ್ ತೆಗೆದುಕೊಂಡು ಹೋಗಿ. ನಿಂತ ದವಡೆಯ ಬುಡ, ಅಂದರೆ ದವಡೆ ಪ್ಲೇಟು ಕೂರುವ ಮೆಟ್ಟಿಲಿನ ಮೂಲೆ, ಅಲ್ಲಿ ಉಜ್ಜಿ ನೋಡಿ. ಆಮೇಲೆ ಚಲಿಸುವ ದವಡೆಯ ಉದ್ದನೆಯ ಭಾಗ ಒಳಗೆ ಹೋಗುವ ಬಾಯಿಯ ನಾಲ್ಕು ಮೂಲೆ. ಆಮೇಲೆ ಬೋಲ್ಟ್ ಹಾಕುವ ಕಿವಿಗಳು. ಡೀಸೆಲ್ ಸವರಿ ಒರೆಸಿದರೆ ಬಿರುಕಿನೊಳಗೆ ಇಳಿದದ್ದು ಸ್ವಲ್ಪ ಹೊತ್ತಿಗೆ ಕೂದಲೆಳೆಯಂತೆ ಕಪ್ಪು ಗೆರೆಯಾಗಿ ಹೊರಗೆ ಬರುತ್ತದೆ. ಎಲ್ಲಾದರೂ ಹಿತ್ತಾಳೆ ಬಣ್ಣದ ಗೆರೆ ಕಂಡರೆ ಹಿಂದೆ ಒಡೆದು ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸುಗೆ) ಮಾಡಿಸಿದ್ದಾರೆ ಅಂತ ಅರ್ಥ. ಕಿವಿಯಲ್ಲಿ ಆದರೆ ಚಿಂತೆಯಿಲ್ಲ, ಬೆಲೆ ಇಳಿಸಿ ಕೇಳಿ. ದವಡೆ ಬುಡದಲ್ಲಿ ಆಗಿದ್ದರೆ ಅಲ್ಲೇ ಬಿಟ್ಟು ಬನ್ನಿ. 'ವೆಲ್ಡಿಂಗ್ ಮಾಡಿಸಿದರಾಯ್ತು' ಅಂತ ಅಂಗಡಿಯವರು ಹೇಳುತ್ತಾರೆ. ಬೀಡಿಗೆ ಮಾಮೂಲಿ ವೆಲ್ಡಿಂಗ್ ಕಡ್ಡಿ ಹಿಡಿಯುವುದಿಲ್ಲ. ನಿಕ್ಕಲ್ ಕಡ್ಡಿ ಬೇಕು, ಮೊದಲು ಪೂರ್ತಿ ಕಾಯಿಸಬೇಕು, ಆಮೇಲೆ ನಿಧಾನಕ್ಕೆ ತಣಿಸಬೇಕು. ಊರಿನ ಗ್ರಿಲ್ ಶಾಪಿನಲ್ಲಿ ಅಷ್ಟು ತಾಳ್ಮೆ ಯಾರಿಗಿದೆ?

ಹೊಸದಾಗಿ ಪೇಂಟ್ ಹೊಡೆದ ಹಳೆ ವೈಸ್ ಬಗ್ಗೆ ಜಾಸ್ತಿ ಹುಷಾರಾಗಿರಿ. ತುಕ್ಕು ಹಿಡಿದದ್ದು ಏನನ್ನೂ ಮುಚ್ಚಿಡುವುದಿಲ್ಲ. ಹೊಳೆಯುವ ನೀಲಿ ಬಣ್ಣದ ಕೆಳಗೆ ಪುಟ್ಟಿ ಇರಬಹುದು. ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಸರಿ ಇರುವ ಎರಕ 'ಠಣ್' ಅನ್ನುತ್ತದೆ, ಸೀಳಿದ್ದು ಒಡಕು ಶಬ್ದ ಕೊಡುತ್ತದೆ. ಆದರೆ ಸಡಿಲ ಹ್ಯಾಂಡಲ್, ಸಡಿಲ ದವಡೆ ಪ್ಲೇಟು ಇದ್ದರೂ ಶಬ್ದ ಕೆಡುತ್ತದೆ. ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ.

ಬಿರುಕು ಇಲ್ಲ ಅಂತ ಖಾತ್ರಿಯಾದ ಮೇಲೆ ನಟ್ ಮತ್ತು ಸ್ಕ್ರೂ. ನನ್ನ ಪ್ರಕಾರ ವೈಸಿನ ಜೀವ ಇರುವುದು ಇಲ್ಲೇ, ಜನ ನೋಡದೇ ಇರುವುದೂ ಇದನ್ನೇ. ತಿರುಗುವ ವೈಸ್ ಆದರೆ ಪೂರ್ತಿ ಬಿಚ್ಚಿ ಚಲಿಸುವ ದವಡೆಯನ್ನು ಹೊರಗೆ ಎಳೆಯಿರಿ. ಕೊನೆಯ ಸುತ್ತಿನಲ್ಲಿ ಅದು ಕಾಲ ಮೇಲೆ ಬೀಳುತ್ತದೆ, ಕೆಳಗೆ ಕೈ ಕೊಟ್ಟಿರಿ. ಈಗ ಸ್ಕ್ರೂ ನೋಡಿ. ಹ್ಯಾಂಡಲ್ ಹತ್ತಿರದ ಹಲ್ಲುಗಳನ್ನೂ ತುದಿಯ ಹಲ್ಲುಗಳನ್ನೂ ಹೋಲಿಸಿ. ದಿನನಿತ್ಯದ ಕೆಲಸವೆಲ್ಲ ದವಡೆ ಸ್ವಲ್ಪವೇ ತೆರೆದಿರುವಾಗ ನಡೆಯುತ್ತದೆ, ಆಗ ನಟ್ ಕಚ್ಚುವುದು ಹ್ಯಾಂಡಲ್ ಹತ್ತಿರದ ಹಲ್ಲನ್ನು. ತುದಿಯ ಹಲ್ಲು ಹೊಸದರಂತೆಯೇ ಇರುತ್ತದೆ. ತುದಿಯಲ್ಲಿ ಹಲ್ಲಿನ ತಲೆ ಚಪ್ಪಟೆ, ಬುಡದಲ್ಲಿ ಚಾಕುವಿನಂತೆ ಚೂಪಾಗಿದ್ದರೆ ಸವೆತ ಜೋರಾಗಿದೆ. ನಟ್ ಒಳಗಿನ ಹಲ್ಲು ಟಾರ್ಚ್ ಬಿಟ್ಟು ನೋಡಿ, ಬೆರಳು ಹಾಕಿ ಸವರಿ.

ಮತ್ತೆ ಜೋಡಿಸಿ, ಒಂದು ಮರದ ತುಂಡು ಹಿಡಿಸಿ ಬಿಗಿ ಮಾಡಿ, ಹ್ಯಾಂಡಲ್ ಹಿಂದಕ್ಕೆ ತಿರುಗಿಸಿ. ದವಡೆ ಸಡಿಲವಾದ ಮೇಲೆ ಹಿಂದೆ ಸರಿಯುವ ಮುಂಚೆ ಕಾಲು ಸುತ್ತು ಸುಮ್ನೆ ತಿರುಗಿದರೆ ಅದು ಮಾಮೂಲು. ಮುಕ್ಕಾಲು ಸುತ್ತು, ಒಂದು ಸುತ್ತು ಅಂತ ಹೋದರೆ ವಿಚಾರಿಸಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಆ ಸಡಿಲ ಎರಡು ಜಾಗದಿಂದ ಬರಬಹುದು. ಮುಂದಿನ ದವಡೆಯನ್ನು ಕೈಯಿಂದ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ದವಡೆ ಮತ್ತು ಸ್ಕ್ರೂ ತಲೆಯ ನಡುವೆ ಸಂದು ಬಿಡುತ್ತಿದ್ದರೆ ತೊಂದರೆ ಅಲ್ಲಿನ ವಾಷರ್, ಪಿನ್ನಿನದ್ದು. ಒಂದು ದಪ್ಪ ವಾಷರ್ ಹಾಕಿದರೆ ಮುಗಿಯಿತು. ಅಲ್ಲಿ ಬಿಗಿಯಿದ್ದೂ ಸ್ಕ್ರೂ ಸಮೇತ ದವಡೆ ಅಲ್ಲಾಡಿದರೆ ನಟ್ ಸವೆದಿದೆ. ವಾಷರ್ ದೋಷ ತೋರಿಸಿ ಅರ್ಧ ಬೆಲೆಗೆ ಚೌಕಾಸಿ ಮಾಡುವ ಜಾಣರೂ ನಮ್ಮಲ್ಲಿದ್ದಾರೆ!

ನಟ್ ಬೇರೆ ತುಂಡಾಗಿದ್ದು ಪಿನ್ನೋ ಬೋಲ್ಟೋ ಹಾಕಿ ಕೂರಿಸಿದ್ದರೆ, ಲೇತ್ ಅಂಗಡಿಯಲ್ಲಿ ಗನ್ ಮೆಟಲಿನಲ್ಲಿ (ಒಂದು ಬಗೆಯ ಕಂಚು) ಹೊಸದು ಮಾಡಿಸಬಹುದು. ಆದರೆ ಈ ಸ್ಕ್ರೂಗಳದ್ದು ಇಂಚಿನ ಪಿಚ್ (ಹಲ್ಲಿನಿಂದ ಹಲ್ಲಿಗಿರುವ ಅಂತರ), ಹಲ್ಲು ಚೌಕ ಅಥವಾ ಆಕ್ಮೆ (ಇಳಿಜಾರು ಬದಿಯದ್ದು). ಹಳೆ ಲೇತ್ ಇರುವ, ತಲೆ ನರೆತ ಟರ್ನರ್ ಸಿಕ್ಕರೆ ಪುಣ್ಯ. ಕೂಲಿ ಮೊದಲೇ ಕೇಳಿ. ನಟ್ ಇಲ್ಲದೇ ಇರುವ ವೈಸ್ ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತದೆ, ಅದಕ್ಕೆ ಬೀಡಿನ ತೂಕದ ಬೆಲೆಗಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ನಿಮ್ಮದು ತಿರುಗುತ್ತಲೇ ಇಲ್ಲ ಅಂದಿರಿ. ಅಂದರೆ ಮೇಲೆ ಹೇಳಿದ ಯಾವ ಪರೀಕ್ಷೆಯೂ ಆಗುವುದಿಲ್ಲ. ಹೆಚ್ಚಿನವು ಬರೀ ಹಳೆ ಗ್ರೀಸು ಒಣಗಿ, ತುಕ್ಕು ಸೇರಿ ಕೂತಿರುತ್ತವೆ, ಬಿಡಿಸಬಹುದು. ಆದರೂ ಅದು ಜೂಜು. ಜೂಜಿನ ಬೆಲೆಯನ್ನೇ ಕೊಡಬೇಕು. ಅಂಗಡಿಯವರ ಎದುರೇ ಪೈಪ್ ಹಾಕಿ ಹ್ಯಾಂಡಲ್ ತಿರುವಲು ಹೋಗಬೇಡಿ. ಮನೆಗೆ ತಂದ ಮೇಲೂ ಬೇಡ. ಹ್ಯಾಂಡಲ್ ಉದ್ದವನ್ನು ಕೈಬಲಕ್ಕೆ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಅದಕ್ಕಿಂತ ಬಲ ಹಾಕಿದರೆ ಹ್ಯಾಂಡಲ್ ಬಗ್ಗಬೇಕು, ಎರಕ ಸೀಳಬಾರದು.

ಬೆಲೆಗೆ ನನ್ನ ಲೆಕ್ಕ ಇಷ್ಟೇ. ಆವತ್ತಿನ ಬೀಡಿನ ಗುಜರಿ ದರವನ್ನು ಬೇರೆ ಅಂಗಡಿಯಲ್ಲಿ ಕೇಳಿಕೊಂಡು ತೂಕಕ್ಕೆ ಗುಣಿಸಿ, ಅದು ತಳ. ಅಪೆಕ್ಸ್, ಗ್ರೋಜ್ ಥರದ ನಮ್ಮ ದೇಶದ ಒಳ್ಳೆ ಬ್ರ್ಯಾಂಡಿನ ಅದೇ ಸೈಜಿನ ಹೊಸ ವೈಸಿನ ಬೆಲೆ ಮೇಲಿನ ಗೆರೆ. ಸಲೀಸಾಗಿ ತಿರುಗುವ, ಬಿರುಕಿಲ್ಲದ ರೆಕಾರ್ಡ್ ಆದರೆ ಮೇಲಿನ ಗೆರೆ ಮುಟ್ಟಿದರೂ ನಷ್ಟವಿಲ್ಲ. ತಿರುಗದೇ ಕಚ್ಚಿಕೊಂಡದ್ದಕ್ಕೆ ತಳದಿಂದ ಸ್ವಲ್ಪವೇ ಮೇಲೆ. ನಿಮ್ಮ ಅಂಗಡಿಯವರು ಕೇಳುತ್ತಿರುವುದು ತಿರುಗುವ ವೈಸಿನ ಬೆಲೆ.

ಇಂಥ ವೈಸ್ ಎಲ್ಲಿಂದ ಬರುತ್ತವೆ ಅಂತಲೂ ಒಬ್ಬರು ಕೇಳಿದ್ದರು. ಮುಚ್ಚಿದ ಕಾರ್ಖಾನೆ, ಗ್ಯಾರೇಜ್, ಐಟಿಐ, ವರ್ಕ್‌ಶಾಪ್‌ಗಳಿಂದ. ಸರ್ಕಾರಿ ಕಂಪನಿಗಳ ಹಳೆ ಮಾಲು ಎಂಎಸ್‌ಟಿಸಿ ಎಂಬ ಕೇಂದ್ರ ಸರ್ಕಾರಿ ಸಂಸ್ಥೆಯ ಇ-ಹರಾಜಿನಲ್ಲಿ ಲಾಟ್‌ಗಟ್ಟಲೆ ಹೋಗುತ್ತದೆ. ಒಂದೇ ಒಂದು ವೈಸಿಗೆ ನಾವು ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ, ಡೀಲರ್‌ಗಳು ಎತ್ತಿ ಬಿಡಿಬಿಡಿಯಾಗಿ ಮಾರುತ್ತಾರೆ. ಬೆಂಗಳೂರಿಗೆ ಹೋಗುವವರು ಎಸ್‌ಜೆಪಿ ರಸ್ತೆ ಸುತ್ತಮುತ್ತ, ಭಾನುವಾರದ ಸಂಡೇ ಬಜಾರ್ ನೋಡಿ. ಇನ್ನೊಂದು ಮೂಲ ಗುಜರಾತಿನ ಅಲಂಗ್. ಹಡಗು ಒಡೆಯುವ ಊರು. ಹೆಚ್ಚಿನ ದೊಡ್ಡ ಹಡಗುಗಳಲ್ಲಿ ಎಂಜಿನ್ ರೂಮಿನ ವರ್ಕ್‌ಶಾಪ್ ಇರುತ್ತದೆ, ಅಲ್ಲಿನ ಜಪಾನ್, ಯುರೋಪಿನ ವೈಸ್‌ಗಳು ರಸ್ತೆ ಬದಿಯ ಅಂಗಡಿಗಳಿಗೆ ಬರುತ್ತವೆ. ಮಾಲು ಚೆನ್ನಾಗಿರುತ್ತದೆ, ಆದರೆ ಸಾಗಣೆ ಖರ್ಚು ನೋಡಿಕೊಳ್ಳಿ. ವಿಡಿಯೋದಲ್ಲಿ ಪೂರ್ತಿ ಬಿಚ್ಚಿ ತೋರಿಸದೇ ದುಡ್ಡು ಹಾಕಬೇಡಿ.

ತಂದಾದ ಮೇಲೆ ಬಿಡಿಸುವ ಕೆಲಸ. ಡೀಸೆಲ್ ಮತ್ತು ತೆಳು ಎಣ್ಣೆ ಬೆರೆಸಿ ಸ್ಕ್ರೂ ಸಂದಿಗೆ ದಿನಾ ಬಿಡಿ, ಹ್ಯಾಂಡಲ್ ಅತ್ತಿತ್ತ ಸ್ವಲ್ಪ ಸ್ವಲ್ಪವೇ ಆಡಿಸಿ. ಬಿಸಿ ಮಾಡುವುದಾದರೆ ಸುತ್ತಲೂ ಹದವಾಗಿ ಮಾಡಿ. ಒಂದೇ ಜಾಗ ಕೆಂಪಗೆ ಕಾಯಿಸಿ ನೀರು ಹೊಡೆದರೆ ಅಲ್ಲೇ ಸೀಳುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಹಾಕಿ ತುಕ್ಕು ತೆಗೆಯುವ ವಿಡಿಯೋಗಳನ್ನು ನಂಬಬೇಡಿ. ತುಕ್ಕಿನ ಜೊತೆ ಕಬ್ಬಿಣವನ್ನೂ ತಿನ್ನುತ್ತದೆ, ಮಾರನೇ ದಿನ ಮತ್ತೆ ಕೆಂಪು. ನನಗೆ ಇಷ್ಟ ಆಗುವುದು ಕರೆಂಟಿನ ದಾರಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. 12 ವೋಲ್ಟಿನ ಹಳೆ ಥರದ ಬ್ಯಾಟರಿ ಚಾರ್ಜರ್. ಮೈನಸ್ ವೈಸಿಗೆ, ಪ್ಲಸ್ ಒಂದು ಹಳೆ ಕಬ್ಬಿಣದ ರಾಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಪ್ಲಸ್ಸಿಗೆ ಸ್ಟೀಲ್ ಪಾತ್ರೆಯ ತುಂಡು ಹಾಕಲೇಬಾರದು, ಅದರ ಕ್ರೋಮಿಯಂ ನೀರಿಗೆ ಸೇರಿ ವಿಷವಾಗುತ್ತದೆ. ಸೋಡಾ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ. ಹೈಡ್ರೋಜನ್ ಅಂತೂ ಬಂದೇ ಬರುತ್ತದೆ, ಹಾಗಾಗಿ ಬಯಲಲ್ಲೇ ಮಾಡಿ, ಹತ್ತಿರ ಬೀಡಿ ಹಚ್ಚಬೇಡಿ. ಕೈ ಹಾಕುವ ಮುಂಚೆ ಪ್ಲಗ್ ತೆಗೆಯಿರಿ. ಹೊರಗೆ ತೆಗೆದ ತಕ್ಷಣ ತೊಳೆದು, ಒಣಗಿಸಿ, ಎಣ್ಣೆ ಸವರಿ. ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ಮತ್ತೆ ಮೊದಲಿನಿಂದ ಶುರು. ಹಳೆ ಪೇಂಟಿನಲ್ಲಿ ಸೀಸ ಇರಬಹುದು, ಒಣ ಪೇಂಟನ್ನು ಗ್ರೈಂಡರಿನಲ್ಲಿ ಉಜ್ಜಿ ಧೂಳು ಕುಡಿಯಬೇಡಿ.

ದವಡೆ ಪ್ಲೇಟ್ ಸವೆದದ್ದು ದೊಡ್ಡ ವಿಷಯವೇ ಅಲ್ಲ. ಎರಡು ಸ್ಕ್ರೂ ಬಿಚ್ಚಿದರೆ ಬರುತ್ತದೆ, ಇಎನ್ 8 ಉಕ್ಕಿನ ಪಟ್ಟಿಯಲ್ಲಿ ಹೊಸದು ಮಾಡಿಸಬಹುದು. ಆ ಸ್ಕ್ರೂಗಳು ಹಳೆ ಇಂಗ್ಲಿಷ್ ವೈಸಿನಲ್ಲಿ ಸಾಮಾನ್ಯವಾಗಿ ವಿಟ್‌ವರ್ತ್ ಎಂಬ ಇಂಚಿನ ಅಳತೆಯ ಹಲ್ಲಿನವು, ಮಿಲಿಮೀಟರ್ ಬೋಲ್ಟ್ ತುರುಕಿ ಕೆಡಿಸಬೇಡಿ. ನಿಜ ಹೇಳಬೇಕೆಂದರೆ ಸವೆದ ನುಣುಪು ದವಡೆಯೇ ಎಷ್ಟೋ ಕೆಲಸಕ್ಕೆ ಒಳ್ಳೆಯದು, ಮಾಲಿಗೆ ಹಲ್ಲಿನ ಗುರುತು ಬೀಳುವುದಿಲ್ಲ.

ಕೂರಿಸುವಾಗ ನಿಂತ ದವಡೆ ಬೆಂಚಿನ ಅಂಚಿಗಿಂತ ಸ್ವಲ್ಪ ಹೊರಗೆ ಇರಲಿ, ಉದ್ದನೆ ರಾಡ್ ನೇರ ಕೆಳಗೆ ಇಳಿಯಬೇಕು. ಎತ್ತರ ಮೊಣಕೈ ಮಟ್ಟ. ಮರದ ಸ್ಕ್ರೂ ಬೇಡ, ಹಲಗೆಯ ಮೇಲಿಂದ ಕೆಳಗಿನವರೆಗೆ ಹಾಯುವ ಬೋಲ್ಟ್ ಹಾಕಿ.

ಹಾಂ, ಹಾರೆ, ಪಿಕಾಸಿ ಹಿಡಿಸಿ ಬಡಿಯುವ ಕೆಲಸ ಜಾಸ್ತಿ ಇದೆ ಅನ್ನುವವರು ಬೆಂಚ್ ವೈಸನ್ನೇ ಮರೆತುಬಿಡಿ. ಆಚಾರಿಗಳ ಕುಲುಮೆಯಲ್ಲಿ ಇರುತ್ತದಲ್ಲ, ನೆಲದವರೆಗೆ ಒಂದು ಕಾಲು ಇರುವ ಲೆಗ್ ವೈಸ್, ಅದನ್ನು ಹುಡುಕಿ. ಅದು ಎರಕವಲ್ಲ, ಬಡಿದು ಮಾಡಿದ್ದು. ಏಟು ಕಾಲಿನ ಮೂಲಕ ನೆಲಕ್ಕೆ ಹೋಗುತ್ತದೆ. ಮಲೆನಾಡಿನಲ್ಲಿ ಕುಲುಮೆ ಮುಚ್ಚಿದ ಮನೆಗಳ ಅಟ್ಟದಲ್ಲಿ, ಹಿತ್ತಲಲ್ಲಿ ಇವತ್ತಿಗೂ ಬಿದ್ದಿರುತ್ತವೆ. ಈ ಗುಂಪಿನಲ್ಲಿ ಯಾರೂ ಇದರ ಮಾತೇ ಎತ್ತುವುದಿಲ್ಲ, ಎಲ್ಲರಿಗೂ ನೀಲಿ ರೆಕಾರ್ಡೇ ಬೇಕು!

ಶೋಕಿಗೆ ಸಂಗ್ರಹ ಮಾಡುವವರಿಗೆ ಎರಡೇ ಮಾತು. ಇಂಗ್ಲೆಂಡಿನ ಶಿಪ್ಲಿಯ ಪಾರ್ಕಿನ್ಸನ್ 'ಪರ್ಫೆಕ್ಟ್' ಸಿಕ್ಕರೆ ಬಿಡಬೇಡಿ, ಲಿವರ್ ಒತ್ತಿದರೆ ದವಡೆ ಸರ್ರನೆ ಜಾರುವ ವೈಸ್ ಅದು. ಆದರೆ ಒಳಗಿನ ಅರೆ ನಟ್ (ಸ್ಕ್ರೂವನ್ನು ಒಂದೇ ಬದಿಯಿಂದ ಕಚ್ಚುವ ಅರ್ಧ ನಟ್) ಮತ್ತು ಸ್ಪ್ರಿಂಗ್ ಇದೆಯಾ ನೋಡಿ. ಅಮೆರಿಕದ ವಿಲ್ಟನ್ ಸಿಕ್ಕರೆ ಜಾರುವ ಭಾಗದ ಕೆಳಗಿನ ಪಟ್ಟಿಯಲ್ಲಿ ತಿಂಗಳು, ವರ್ಷ ಒತ್ತಿರುತ್ತಾರೆ. ಶುರುವಿನ ಕಾಲದವುಗಳಲ್ಲಿ ಅದು ತಯಾರಿಸಿದ ದಿನವಲ್ಲ, 5 ವರ್ಷದ ಗ್ಯಾರಂಟಿ ಮುಗಿಯುವ ದಿನ. ಅಷ್ಟು ಕಳೆದು ಲೆಕ್ಕ ಹಾಕಿ.

ತೀರ್ಥಹಳ್ಳಿಯವರೇ, ಮತ್ತೆ ಆ ಅಂಗಡಿಗೆ ಹೋದರೆ ವೈಸನ್ನು ಮಗುಚಿ ಕೆಳಗಿನಿಂದ ಒಂದು ಫೋಟೋ ತೆಗೆದು ಹಾಕಿ. ನಟ್ ಕಾಣಬೇಕು. ನಿಂತ ದವಡೆಯ ಬುಡದ್ದೂ ಒಂದು, ಹತ್ತಿರದಿಂದ. ನೋಡಿ ಬೆಲೆ ಎಷ್ಟಕ್ಕೆ ಕೇಳಬಹುದು ಅಂತ ಹೇಳುತ್ತೇನೆ.